ಅಳತೆಗೆ ಕೊಟ್ಟ ರಕ್ತ

ಲ್ಯಾಬಿನ ಹಿಂದಿನ ಕೋಣೆ,
ಮಂಗಳವಾರ, ಮಾರ್ಚ್ ೧೧

ನನ್ನ ಡುಮ್ಮಾ,

ಹೇಗಿದ್ದೀಯೋ? ಬಾಯಿಮಾತಿಗೆ ಕೇಳ್ತಿಲ್ಲ, ನಿಜವಾಗ್ಲೂ ಕೇಳ್ತಿದ್ದೀನಿ. ಹೋದ ಬಂದರಿನಿಂದ ನೀನು ಕಳಿಸಿದ ಫೋಟೋದಲ್ಲಿ ಕೆನ್ನೆ ಒಳಗೆ ಹೋಗಿದೆ. ಹಡಗಿನ ಅಡುಗೆಯವನಿಗೆ ಅಮ್ಮ ಹಿಡಿಶಾಪ ಹಾಕ್ತಿದ್ದಾಳೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ ಕಣೋ. ಮೊನ್ನೆ ಮರೆತು ನಾಲ್ಕು ತಟ್ಟೆ ಇಟ್ಟುಬಿಟ್ಟೆ. ಅಪ್ಪ ಒಂದನ್ನ ಎತ್ತಿಟ್ರು.

ವಿಷಯಕ್ಕೆ ಬರ್ತೀನಿ. ಹೊರಡೋ ಮುಂಚೆ ನನ್ನ ಕೆಲಸಕ್ಕೆ ಅಂತ ರಕ್ತ ಕೊಟ್ಟಿದ್ದೆಯಲ್ಲ, "ನಿನಗಿಂತ ಸೊಳ್ಳೆನೇ ವಾಸಿ ಅಕ್ಕಾ" ಅಂತ ಗೊಣಗ್ತಾ? ನಾವು ನೋಡ್ತಿರೋದು ಅದರಲ್ಲಿರೋ ಅಲ್ಬುಮಿನ್ ಅನ್ನೋ ಪ್ರೋಟೀನನ್ನ. ಮೈಯೊಳಗೆ ಹುಟ್ಟೋ ಪುಂಡ ಕಣಗಳು ರಕ್ತನಾಳಗಳನ್ನ ಹಾಳು ಮಾಡೋ ಮುಂಚೆ ಅವನ್ನ ತಡೆಯೋಕೆ ಅದರಲ್ಲೊಂದು ಗಂಧಕದ ಕೊಂಡಿ ಇದೆ. ಸಕ್ಕರೆ ಜಾಸ್ತಿಯಾದ್ರೆ ಪ್ರೋಟೀನಿಗೆ ಮೆತ್ತಿಕೊಳ್ಳುತ್ತೆ, ಕೊಂಡಿಯೂ ತುಕ್ಕು ಹಿಡಿದ ಹಾಗೆ ಕೆಡುತ್ತೆ. ಆಮೇಲೆ ಕಾಯೋ ಕೆಲಸ ಅದರ ಕೈಲಿ ಸರಿಯಾಗಿ ಆಗಲ್ಲ.

ಸಕ್ಕರೆ ಕಾಯಿಲೆಯವರ ರಕ್ತದ ಪಕ್ಕ ಇಟ್ಟು ಅಳೆಯೋಕೆ ಕಾಯಿಲೆ ಇಲ್ಲದವರ ರಕ್ತ ಬೇಕಲ್ಲ? ಗುಂಡುಕಲ್ಲಿನ ಹಾಗಿದ್ದಾನೆ ನನ್ನ ತಮ್ಮ, ಅವನೊಬ್ಬನದೇ ಸಾಕು ಅಂತ ಎದೆ ತಟ್ಟಿ ಹೇಳಿದವಳು ನಾನೇ. ಆರು ವಾರ ಫ್ರೀಜರಿನಿಂದ ನಿನ್ನ ರಕ್ತ ತೆಗೆದು ತೆಗೆದು ಅಳೆದ್ವಿ. ರೋಗಿಗಳಿಗೂ ನಿನಗೂ ವ್ಯತ್ಯಾಸವೇ ಇಲ್ಲ! ನಮ್ಮ ಲ್ಯಾಬ್ ನಡೆಸೋ ಮೇಡಂ ಮೊದಲು ಯಂತ್ರವನ್ನ ಬೈದ್ರು, ಆಮೇಲೆ ನನ್ನನ್ನ. ನಿನ್ನೆ ತಲೆಕೆಟ್ಟು ನನ್ನ ರಕ್ತವನ್ನೇ ಇಟ್ಟು ನೋಡಿದೆ. ನನ್ನದು ರೋಗಿಗಳದಕ್ಕಿಂತ ಬೇರೆಯಾಗೇ ಬಂತು. ಯಂತ್ರ ಸರಿಯಾಗೇ ಇದೆ ಕಣೋ. ನಿನ್ನ ರಕ್ತದಲ್ಲೇ ಸಕ್ಕರೆ ಮೆತ್ತಿಕೊಂಡಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಹೆದರಬೇಡ, ಆದ್ರೆ ಉಡಾಫೆನೂ ಮಾಡಬೇಡ. ನಿಮ್ಮ ಕಂಪನಿಗೆ ಫೋನ್ ಮಾಡಿದ್ದೀನಿ, ವೈರ್‌ಲೆಸ್‌ನಲ್ಲಿ ತಿಳಿಸ್ತಾರಂತೆ. ಅವರು ಹೇಳೋದು ಎರಡು ಸಾಲು, ಅದಕ್ಕೇ ಈ ಕಾಗದ. ದಡ ಮುಟ್ಟಿದ ದಿನವೇ ಡಾಕ್ಟರ ಹತ್ರ ಹೋಗು. ಆಮೇಲೆ ರಜೆ ಕೇಳಿ ಬಂದುಬಿಡೋ. ನಾನೊಂದು ಸಲ ನಿನ್ನನ್ನ ಕಣ್ಣಾರೆ ನೋಡಬೇಕು, ಅಷ್ಟೇ.

ಅಪ್ಪ ಅಮ್ಮನ ಆಶೀರ್ವಾದ. ನನ್ನ ಕಡೆಯಿಂದ ತಲೆಗೊಂದು ಮೊಟಕು.

ನಿನ್ನ ಅಕ್ಕ

ತಾ.ಕ.: ಇದನ್ನ ಮೇಲೆ ಬರೆಯೋಕೆ ಧೈರ್ಯ ಬರಲಿಲ್ಲ. ರಕ್ತ ಕೊಡೋ ದಿನ "ಎಷ್ಟು ನೀರು ಕುಡಿದ್ರೂ ಬಾಯಾರಿಕೆ ಹೋಗ್ತಿಲ್ಲ ಅಕ್ಕಾ" ಅಂದಿದ್ದೆ ನೀನು. "ಸಮುದ್ರಕ್ಕೇ ಹೋಗ್ತಿದ್ದೀಯಲ್ಲ, ಕುಡಿ" ಅಂತ ನಾನು ನಕ್ಕಿದ್ದೆ. ರಕ್ತ ಕೊಡೋರ ಆರೋಗ್ಯ ವಿಚಾರಿಸೋ ಫಾರಂ ಇರುತ್ತಲ್ಲ, ನಿನ್ನದನ್ನ ತುಂಬಿದ್ದು ನಾನೇ. ಅತಿಯಾದ ಬಾಯಾರಿಕೆ ಇದೆಯೇ ಅನ್ನೋ ಸಾಲಿನ ಮುಂದೆ 'ಇಲ್ಲ' ಅಂತ ಬರೆದದ್ದೂ ನಾನೇ, ನಿನ್ನನ್ನ ಒಂದು ಮಾತೂ ಕೇಳದೆ. ಯಾರೋ ಹೊರಗಿನವನಾಗಿದ್ರೆ ಕೇಳ್ತಿದ್ದೆ ಕಣೋ.