ಹೊರಗಿನ ಕಟ್ಟೆ, ಒಳಗಿನ ಬೆಂಚು

7 ಅಕ್ಟೋಬರ್ 1956, ಭಾನುವಾರ — ಸಂಜೆ

ಇವತ್ತೂ ಗಂಟಲು ಹರಿಯಿತು. ಬೆಳಿಗ್ಗೆ ಅರ್ಧ ಕ್ವಾರ್ಟರ್ಸನ್ನು ಎಬ್ಬಿಸಿದೆ. ನಲವತ್ತು ದಾಟಿದ ಈ ಗುರುಸಿದ್ದಪ್ಪನ ಹುದ್ದೆಯ ಹೆಸರು ಇನ್ನೂ ಕಾಲ್‌ಬಾಯ್! ಮನೆಮನೆಯ ಮುಂದೆ ನಿಂತು ಡ್ರೈವರರನ್ನು ಡ್ಯೂಟಿಗೆ ಕರೆಯುವ ಬಾಯ್. ಆಗಲಿ. ಸೊಲ್ಲಾಪುರದ ಥೇಟರಿನಲ್ಲಿ ರಾಜಪಾರ್ಟು ಹಾಕಿ ಗರ್ಜಿಸಿದಾಗ, ಕಟ್ಟಕಡೆಗೆ ನೆಲದ ಮೇಲೆ ಕೂತವನ ಕೈಯಿಂದ ಬೀಡಿ ಉದುರಿಸಿದ ಧ್ವನಿ ಇದು. ನಾಟಕ ಕಂಪನಿ ಮುಳುಗಿತು. ಧ್ವನಿ ಮುಳುಗಲಿಲ್ಲ. ಈಗ ಅದಕ್ಕೆ ರೇಲ್ವೆ ಪಗಾರ ಕೊಡುತ್ತದೆ.

ಡ್ಯೂಟಿ ಮುಗಿಸಿ ಬಿಂದುಮಾಧವನ ಹೋಟೆಲು. ಒಳಗೆ ಯುದ್ಧಕಾಂಡ. ಗೋಡೆಯ ಕರಿಹಲಗೆಯ ಮೇಲೆ ನಾಗಪುರ ಫುಟ್‌ಬಾಲ್ ಲೀಗಿನ ತಂಡಗಳ ಹೆಸರೆಲ್ಲ ಸುಣ್ಣದಕಡ್ಡಿಯಲ್ಲಿ ಬರೆದಿದೆ, ನಡುವೆ ಒಂದು ಗೆರೆ. ಗೆರೆಯ ಮೇಲೆ ಫರ್ಸ್ಟ್ ಡಿವಿಜನ್, ಕೆಳಗೆ ಸೆಕೆಂಡ್. ಮೇಲಿನ ತಂಡದವರಿಗೆ ಒಳಗೆ ಬೆಂಚು, ಕಪ್ಪು-ಬಶಿ. ಕೆಳಗಿನವರಿಗೆ ಹೊರಗಿನ ಕಟ್ಟೆ, ಗ್ಲಾಸು. ಬಿಂದುಮಾಧವನ ಶಾಸನ! ಧಾರವಾಡದಿಂದ ಬರುವಾಗ ಒಲೆಯ ಜೊತೆಗೇ ಈ ದರಬಾರನ್ನೂ ತಂದನೋ ಏನೋ. ಎರಡು ವರ್ಷದ ಹಿಂದೆ ನಮ್ಮ ಇಂಜಿನ್ ಶೆಡ್ ತಂಡ ಮೇಲೆ ಬಂದ ದಿನ ಹೊಸ್ತಿಲ ಮೇಲೆ ನಿಂತು ಪಟ್ಟಾಭಿಷೇಕದ ಮಾತು ಆಡಿಯೇ ಒಳಗೆ ಕಾಲಿಟ್ಟೆ. ಜನ ಚಪ್ಪಾಳೆ ತಟ್ಟಿತ್ತು.

ಈಗ ಉಳಿದದ್ದು ಎರಡೇ ಮ್ಯಾಚು. ಶೆಡ್ಡಿಗೆ ಒಂಬತ್ತು ಪಾಯಿಂಟು, ಬರ್ಡಿ ಕ್ಲಬ್ಬಿಗೆ ಎಂಟು. ಕೊನೆಯಲ್ಲಿ ನಿಂತವರು ಕೆಳಗೆ; ಅವರ ಜಾಗಕ್ಕೆ ಸಾವನೇರದ ಗಣಿ ಹುಡುಗರು ಮೇಲೆ.

ಅಂಚೆ ಕಚೇರಿಯ ಶಂಕರಪ್ಪ — ಬರ್ಡಿಯ ಪರಮಭಕ್ತ — ನನ್ನನ್ನು ಕಂಡೊಡನೆ ಎದ್ದು ನಿಂತ.

"ಬರ್ರಿ ಮಹಾರಾಜ್! ಕಟ್ಟಿ ಮ್ಯಾಲೆ ನಿಮಗ ಒಂದ್ ಚಾಪಿ ಹಾಸ್ಲೇನು?"

"ಆ ಚಾಪಿ ಮ್ಯಾಲೆ ಮೊದಲ ನಿಮ್ಮ ಬರ್ಡಿ ಮಲಗಲಿ, ಜಾಗಾ ಉಳಿದರ ನೋಡೂಣು."

"ಅಲ್ರೀ, ಮುಂದಿನ ತಿಂಗಳ ಒಂದಕ್ಕ ರಾಜ್ಯ ಒಡದು ನಮ್ಮ ನಾಗಪುರನ ರಾಜಧಾನಿಯಿಂದ ಸೆಕೆಂಡ್ ಡಿವಿಜನ್‌ಕ್ಕ ಇಳಿಯಾಕ್ಹತ್ತೈತಿ. ನಿಮ್ಮ ಶೆಡ್ಡೇನ್ ದೊಡ್ಡದು?"

ಎಲ್ಲರೂ ನಕ್ಕರು. ಪಾರ್ಸೆಲ್ ಆಫೀಸಿನ ವೇಣುಗೋಪಾಲ, ನಮ್ಮ ಕ್ಲಬ್ಬಿನ ಸೆಕ್ರೆಟರಿ, ನಗಲಿಲ್ಲ. ಮೈಸೂರಿನವರು ಲೀಗಿನ ವಿಷಯದಲ್ಲಿ ನಗುವುದಿಲ್ಲ. "ನೋಡಿ ಸ್ವಾಮಿ, ಒಂದು ಗೆದ್ರೂ ನಾವು ಮುಕ್ಕಾಲು ಸೇಫ್. ದತ್ತು ಗೋಲಲ್ಲಿ ಇರೋವರೆಗೆ ಭಯ ಇಲ್ಲ."

ದತ್ತು ಹೊರಗೆ ಕಟ್ಟೆಯ ಮೇಲೆ. ಶೆಡ್ಡಿನಲ್ಲಿ ಇಂಜಿನ್ ಒರೆಸುವ ಕ್ಲೀನರ್, ಗೋಲಿನಲ್ಲಿ ಕೋಟೆ. ಈ ಊರಿನವನೇ, ಆದರೆ ಸೊಲ್ಲಾಪುರದವರ ಓಣಿಯಲ್ಲಿ ಬೆಳೆದು ನಮ್ಮ ಹಾಗೆಯೇ ಕನ್ನಡ ಆಡುತ್ತಾನೆ. ಮೇಲಿನ ಡಿವಿಜನ್ನಿಗೆ ಬಂದ ಮೇಲೂ ಅವನು ಒಳಗೆ ಬಂದು ಕೂತದ್ದಿಲ್ಲ. ಒಳಗೆ ಸೆಕೆ, ಹೊರಗೆ ಗಾಳಿ ಚಲೋ ಅನ್ನುತ್ತಾನೆ. ಅವನ ಗ್ಲಾಸು ಕಿಟಕಿಯ ಹೊರಗಿನ ಗೂಡಿನಲ್ಲಿರುತ್ತದೆ. ತಾನೇ ತೊಳೆದಿಡುತ್ತಾನೆ.

9 ಅಕ್ಟೋಬರ್, ಮಂಗಳವಾರ

ಸಿಡಿಲು.

ಮಳೆಯಿಂದ ಮುಂದೆ ಹೋದ ಮ್ಯಾಚು ಹದಿನಾಲ್ಕಕ್ಕೆ ಬಂದಿದೆ — ದಸರೆಯ ಸಂಜೆ. ದತ್ತು ನನ್ನ ಬಾಗಿಲಿಗೆ ಬಂದ. ಒಳಗೆ ಕರೆದೆ, ಬರಲಿಲ್ಲ. ಮೆಟ್ಟಿಲ ಮೇಲೆಯೇ ನಿಂತ.

"ಮಾಮಾ, ಹದಿನಾಲ್ಕಕ್ಕ ನಾ ಆಡಂಗಿಲ್ಲ."

"ಏನಂದಿ?!" — ನನ್ನ ಏನಂದಿಗೆ ಪಕ್ಕದ ಮನೆಯ ಪಾತ್ರೆ ಉರುಳಿತು.

"ಬಾಬಾಸಾಹೇಬರು ಅವತ್ತ ದೀಕ್ಷಾ ಕೊಡ್ತಾರ. ನಮ್ಮ ಮಂದಿಯೆಲ್ಲಾ ಬೌದ್ಧರಾಗ್ತೀವಿ. ಅವ್ವ, ನಾನು, ಓಣಿ ಮಂದಿ ಎಲ್ಲಾರೂ. ಸ್ಟೇಶನ್ನಿಗೆ ಬಂದವರಿಗೆ ದಾರಿ ತೋರಸೂ ಕೆಲಸಾನೂ ನಂದೈತಿ."

"ಮುಂಜಾನಿ ದೀಕ್ಷಾ ತಗೊ, ಸಂಜೀಕ ಗೋಲಿನಾಗ ನಿಂದ್ರು. ಯಾರು ಬ್ಯಾಡಂತಾರ?"

ತಲೆ ಅಲ್ಲಾಡಿಸಿದ.

"ಹುಟ್ಟಿದ ದಿನಾನ ಯಾರರೆ ಮ್ಯಾಚ್ ಆಡ್ತಾರೇನು, ಮಾಮಾ?"

ಇಪ್ಪತ್ತು ವರ್ಷ ರಂಗದ ಮೇಲೆ ಮಾತಿಗೆ ಮಾತು ಕೊಟ್ಟವನು ನಾನು. ಅವನು ಹೋದ ಮೇಲೆ ಅನಸೂಯಾ ಒಳಗಿನಿಂದ ಅಂದಳು: "ಮದವಿ ಆದಾಗಿಂದ ಇವತ್ತ ಮೊದಲನೇ ಸಲ ನಿಮ್ಮ ಬಾಯಿ ಮುಚ್ಚಿದ್ದು ನೋಡಿದೆ."

14 ಅಕ್ಟೋಬರ್, ಭಾನುವಾರ. ದಸರೆ

ಮೂರು ದಿನದಿಂದ ಗಾಡಿ ಗಾಡಿಗೂ ಜನ. ಬಿಳಿ ಸೀರೆ, ಬಿಳಿ ಅಂಗಿ. ಡ್ರೈವರರನ್ನು ಕರೆಯಲು ಹೋಗುವ ದಾರಿಯೇ ಸಿಗಲಿಲ್ಲ — ಲಕ್ಷ್ಮೀ ನಗರದ ಕಡೆಯ ಬಯಲಿಗೆ ನಡೆದುಕೊಂಡು ಹೋಗುವವರು, ತಲೆಯ ಮೇಲೆ ಬುತ್ತಿಗಂಟು, ಕಂಕುಳಲ್ಲಿ ಕೂಸು. ಅಷ್ಟು ಜನ, ಆದರೂ ತಳ್ಳಾಟವಿಲ್ಲ. ಇಂಥ ಜನ ನೋಡಿದರೆ ಯಾವ ಕಂಪನಿಯ ಮಾಲಕನಾದರೂ ಅಳುತ್ತಿದ್ದ. ಸೇತುವೆಯ ಹತ್ತಿರ ದತ್ತು ಸಿಕ್ಕ. ತೋಳಿಗೆ ಪಟ್ಟಿ, ಬಿಳಿ ಅಂಗಿ. ಗೋಲಿನಲ್ಲಿ ನಿಂತಾಗಿನ ಹಾಗೆಯೇ ಎರಡೂ ಕೈ ಚಾಚಿ ಜನರನ್ನು ಒಂದು ಬದಿಗೆ ನಡೆಸುತ್ತಿದ್ದ. ನನ್ನನ್ನು ನೋಡಿ ನಕ್ಕ.

ಸಂಜೆ ಮ್ಯಾಚು. ಫುಲ್‌ಬ್ಯಾಕ್ ಪಾಂಡುರಂಗನನ್ನು ಗೋಲಿನಲ್ಲಿ ನಿಲ್ಲಿಸಿದರು. ಪಾಪ! ನಾನು ಎಂದಿನಂತೆ ಗೋಲಿನ ಹಿಂದೆ — ರಂಗದ ವಿಂಗಿನಲ್ಲಿ ನಿಂತು ಮಾತು ಎತ್ತಿಕೊಡುವ ಪ್ರಾಂಪ್ಟರನ ಹಾಗೆ. "ಎಡಕ್ಕ! ಮುಂದ ಬಾ! ಬಲಕ್ಕ, ಬಲಕ್ಕ!" ದತ್ತುವಿಗಾದರೆ ಅರ್ಧ ಮಾತು ಸಾಕು. ಪಾಂಡುರಂಗ ಪ್ರತಿ ಸಲ ತಿರುಗಿ ನನ್ನ ಕಡೆಗೆ ನೋಡಿ "ಏನ್ರೀ?" ಅನ್ನುವನು. ಅಷ್ಟರಲ್ಲಿ ಚೆಂಡು ಬಲೆಯಲ್ಲಿ.

ನಾಲ್ಕು ಗೋಲು. ನಮ್ಮದು ಸೊನ್ನೆ.

ಮುಗಿದ ಮೇಲೆ ಎಂದಿನಂತೆ ಮಂಗಳ ಹಾಡಿದೆ. ಗೆಲ್ಲಲಿ, ಸೋಲಲಿ, ಆಟ ಮುಗಿದರೆ ಮಂಗಳ ಹಾಡಬೇಕು, ಆಮೇಲೆಯೇ ಪರದೆ. ಕಂಪನಿಯಲ್ಲಿ ಕಲಿತ ನೇಮ. ಇವತ್ತು ಕೇಳಿದ್ದು ನಾಯಿ ಒಂದೇ.

ಬರ್ಡಿ ಡ್ರಾ ಮಾಡಿಕೊಂಡಿದೆ. ಒಂಬತ್ತು, ಒಂಬತ್ತು.

21 ಅಕ್ಟೋಬರ್, ಭಾನುವಾರ

ಒಂದು ವಾರ ಬರೆಯಲಿಲ್ಲ. ಮನಸ್ಸಾಗಲಿಲ್ಲ. ಹೋಟೆಲಿನಲ್ಲಿ ದಿನವೂ ಅದೇ ಮಾತು — ದತ್ತು ಕೈಕೊಟ್ಟ, ದತ್ತು ಮುಳುಗಿಸಿದ. ಅವನು ಕಟ್ಟೆಯ ಮೇಲೆ ಗ್ಲಾಸು ಹಿಡಿದು ಎಲ್ಲ ಕೇಳಿಸಿಕೊಳ್ಳುತ್ತ ಕೂತಿರುತ್ತಾನೆ. ಕಿಟಕಿ ತೆರೆದೇ ಇರುತ್ತದೆ.

ಇವತ್ತು ಕ್ಲಬ್ಬಿನ ಕಮಿಟಿ. ವೇಣುಗೋಪಾಲ ಕನ್ನಡಕ ಒರೆಸಿಕೊಂಡು ಶುರು ಮಾಡಿದ. "ಡಿಸಿಪ್ಲಿನ್ ಅನ್ನೋದು ಇರ್ಬೇಕಲ್ವಾ? ಮುಖ್ಯವಾದ ಮ್ಯಾಚ್ ಬಿಟ್ಟು ಹೋದೋನು, ಕೊನೇ ಮ್ಯಾಚ್ ಅವನಿಗೆ ಬೇಡ. ನಾವೇನು ಅವನ ಧರ್ಮಕ್ಕೆ ಅಡ್ಡಿ ಮಾಡ್ತಿಲ್ಲ. ಫುಟ್‌ಬಾಲ್ ಮಾತ್ರ ಹೇಳ್ತಿದೀನಿ."

ಎದ್ದೆ. ಹೆಗಲ ಮೇಲಿನ ವಸ್ತ್ರ ಝಾಡಿಸಿದೆ. "ಹೋದ ವರ್ಷ ಗಣಪತಿ ಮೆರವಣಿಗೀ ದಿನ ಮ್ಯಾಚಿತ್ತು. ಅರ್ಧ ಟೀಮ್ ಮೆರವಣಿಗ್ಯಾಗಿತ್ತು. ನೀವ ಹೋಗಿ ತಾರೀಖು ಬದಲ್ ಮಾಡಿಸಿಕೊಂಡು ಬಂದ್ರಿ. ಬರೋಬರ್ ಹೌದೋ ಅಲ್ಲೋ?"

"ಅದು ಬೇರೆ ವಿಷಯ."

"ಹ್ಯಾಂಗ ಬ್ಯಾರೆ? ಹೇಳ್ರಿ, ಸಭಾ ಕೇಳತೈತಿ!"

ವೇಣುಗೋಪಾಲ ಮತ್ತೆ ಕನ್ನಡಕ ಒರೆಸಿಕೊಂಡ.

"ಹಂಗಾರ ನಂದೂ ಕೇಳ್ರಿ. ದತ್ತು ಗೋಲಿನಾಗ ಇಲ್ಲಂದ್ರ ಗೋಲಿನ ಹಿಂದ ಈ ಗುರುಸಿದ್ದಪ್ಪನೂ ಇಲ್ಲ!"

ವೇಣುಗೋಪಾಲ ಅದಕ್ಕೂ ತಯಾರಿದ್ದ ಹಾಗೆ ಕಂಡಿತು. ಆದರೆ ಪಾಂಡುರಂಗ ಎದ್ದು ನಿಂತು ಕೈಮುಗಿದ. "ನನ್ನ ಕೈಲೆ ಆಗಂಗಿಲ್ರೀ, ಬಿಟ್ಟಬಿಡ್ರಿ. ನಾಲ್ಕ ಹೊಡಿಸಿಕೊಂಡು ಮನಿಗೆ ಹೋದ್ರ ನಮ್ಮ ಹೇಂತಿ 'ಬಾಗಿಲಾ ಹಾಕ್ಕೊಳ್ರಿ, ಅದನ್ನರೆ ಬರೋಬರ್ ಹಾಕ್ತೀರೇನು ನೋಡೂಣು' ಅಂದ್ಲು."

ನಗೆಯಲ್ಲಿ ಕಮಿಟಿ ಮುರಿಯಿತು. ದತ್ತುವೇ ಗೋಲ್‌ಕೀಪರ್.

27 ಅಕ್ಟೋಬರ್, ಶನಿವಾರ

ಬರ್ಡಿ ಮತ್ತೆ ಡ್ರಾ. ಅವರದು ಮುಗಿಯಿತು — ಹತ್ತು. ನಾಳೆ ನಮಗೂ ಡ್ರಾ ಆದರೆ ಹತ್ತು-ಹತ್ತು. ಸಮವಾದರೆ ಗೋಲುಗಳ ಲೆಕ್ಕ. ಆ ನಾಲ್ಕು ನಮ್ಮ ಕೊರಳಿಗೆ ಕಟ್ಟಿದ ಕಲ್ಲು. ಗೆಲ್ಲಲೇಬೇಕು. ಈ ನಾಟಕಕ್ಕೆ ಬೇರೆ ಅಂಕವೇ ಇಲ್ಲ.

ಕಲ್ಲುಸಕ್ಕರೆ ಬಾಯಲ್ಲಿ ಹಾಕಿಕೊಂಡು ಕೂತಿದ್ದೇನೆ. ಅನಸೂಯಾಳ ಜೊತೆ ಕೈಸನ್ನೆಯಲ್ಲೇ ಮಾತು. ಅವಳಿಗೆ ಬಲು ಸಂತೋಷ.

28 ಅಕ್ಟೋಬರ್, ಭಾನುವಾರ

ಕಸ್ತೂರಚಂದ್ ಪಾರ್ಕು. ಗಿರಣಿ ತಂಡ. ಹೆಗಲಿಗೆ ಹೆಗಲು ತಾಗುವಷ್ಟು ಜನ.

ಏನು ಬರೆಯಲಿ! ಇಂಥ ಆಟ ನಾನು ಕಂಡಿಲ್ಲ. ದತ್ತು ಗೋಲಿನಲ್ಲಿ ನಿಂತಿರಲಿಲ್ಲ, ಆಳುತ್ತಿದ್ದ. ಗಿರಣಿಯ ಆ ದಪ್ಪ ಫಾರ್ವರ್ಡ್ ಮೂರು ಮಾರಿನ ದೂರದಿಂದ ಹೊಡೆದ. ನಾನು "ಎಡ—" ಅನ್ನುವುದರೊಳಗೆ ಚೆಂಡು ದತ್ತುವಿನ ಎದೆಯಲ್ಲಿ. ಇನ್ನೊಂದು ಸಲ ಇಬ್ಬರ ಕಾಲ ನಡುವೆ ಧುಮುಕಿ ಚೆಂಡನ್ನು ಅಪ್ಪಿಕೊಂಡ. ಹುಬ್ಬು ಸೀಳಿತು. ವಸ್ತ್ರ ಹರಿದು ಕೊಟ್ಟೆ, ಕಟ್ಟಿಕೊಂಡು ಮತ್ತೆ ನಿಂತ.

"ಮಾಮಾ, ಧ್ವನಿ ಸಣ್ಣದಾಗೇತಿ. ಜೋರ ಒದರು!"

ಜೋರಾಗಿ ಒದರಿದೆ. ಸೊಲ್ಲಾಪುರಕ್ಕೆ ಕೇಳುವಂತೆ ಒದರಿದೆ.

ಒಂದೂ ಬಿಡಲಿಲ್ಲ ಅವನು. ಒಂದೂ. ಆದರೆ ಆ ಕಡೆಯ ಗೋಲಿನಲ್ಲಿ ನಮ್ಮ ಐದು ಜನ ಫಾರ್ವರ್ಡುಗಳು ಚೆಂಡನ್ನು ಆಕಾಶಕ್ಕೆ, ಮರಕ್ಕೆ, ಕಡಲೆ ಮಾರುವವನ ಬುಟ್ಟಿಗೆ ಹೊಡೆದರು. ಸೀಟಿ.

ಸೊನ್ನೆ-ಸೊನ್ನೆ.

ಇಳಿದೆವು.

ವೇಣುಗೋಪಾಲ ಬಂದು ದತ್ತುವಿನ ಎದುರು ನಿಂತ. ಅವನ ಕಣ್ಣಿನಲ್ಲೂ ನೀರು, ಸುಳ್ಳು ಹೇಳಬಾರದು. "ಅವತ್ತೂ ಹೀಗೇ ನಿಂತಿದ್ರೆ..." ಅಂದ. ದತ್ತು ಹುಬ್ಬಿನ ಪಟ್ಟಿ ಬಿಚ್ಚಿ, ಹಿಂಡಿ, ಮತ್ತೆ ಕಟ್ಟಿಕೊಂಡ. "ಅವತ್ತೂ ನಿಂತಿದ್ದೆ ಸಾಹೇಬ್ರ. ಬ್ಯಾರೆ ಮೈದಾನದಾಗ." ಇಷ್ಟೇ.

ಜನ ನನ್ನ ಕಡೆ ನೋಡಿತು. ಮಂಗಳಕ್ಕೆ ಕಾಯುತ್ತಿತ್ತು. ಬಾಯಿ ಬಿಗಿದುಕೊಂಡೆ. ಹಾಡಲಿಲ್ಲ. ಗಂಟಲು ಹೋಯಿತೆಂದು ತಿಳಿದರು. ಹೋಗಿರಲಿಲ್ಲ.

1 ನವೆಂಬರ್, ಗುರುವಾರ

ಇವತ್ತಿನಿಂದ ನಾಗಪುರ ರಾಜಧಾನಿಯಲ್ಲ. ಕಚೇರಿಯ ಕಪಾಟುಗಳನ್ನು ಲಾರಿಗೆ ಏರಿಸುವುದನ್ನು ಮೊನ್ನೆಯಿಂದ ನೋಡುತ್ತಿದ್ದೇನೆ. ಊರೇನೂ ಕುಸಿಯಲಿಲ್ಲ. ದೀಪಾವಳಿಯ ಚಕ್ಕುಲಿ ಎಲ್ಲ ಮನೆಯಲ್ಲೂ ಕರಿಯುತ್ತಿದ್ದಾರೆ. ವೇಣುಗೋಪಾಲ ಮಾತ್ರ ಮೈಸೂರು ರಾಜ್ಯ ದೊಡ್ಡದಾಯಿತೆಂದು ಪೇಢೆ ಹಂಚಿದ. ಶಂಕರಪ್ಪ ಒಂದಕ್ಕೆ ಎರಡು ತಿಂದು, "ನಿಮ್ಮ ರಾಜ್ಯ ಮ್ಯಾಲೆ, ನಿಮ್ಮ ಕ್ಲಬ್ ಕೆಳಗ. ಹಿಸಾಬ್ ಬರೋಬರ್ ಆತು" ಅಂದ.

ಸಂಜೆ ಹೋಟೆಲು. ಕರಿಹಲಗೆಯಲ್ಲಿ ಶೆಡ್ಡಿನ ಹೆಸರು ಗೆರೆಯ ಕೆಳಗೆ. ಸಾವನೇರ ಮೇಲೆ. ಬಿಂದುಮಾಧವ ಹೇಳುವ ಮೊದಲೇ ನಮ್ಮವರೆಲ್ಲ ಕಟ್ಟೆಯ ಮೇಲೆ ಹೋಗಿ ಕೂತಿದ್ದರು — ವೇಣುಗೋಪಾಲ, ಪಾಂಡುರಂಗ, ಎಲ್ಲ, ಹೆಣ ಎತ್ತುವುದಕ್ಕೆ ಬಂದವರ ಹಾಗೆ. ನಾನೂ ಹೋಗಿ ಕೂತೆ. ಗ್ಲಾಸು ಬಂತು. ಕೈ ಸುಟ್ಟಿತು.

ದತ್ತು ಬಂದ. ಬಿಳಿ ಅಂಗಿ, ಹುಬ್ಬಿನ ಮೇಲೆ ಒಣಗಿದ ಗಾಯ. ಪಾಂಡುರಂಗ ಸರಿದು ಜಾಗ ಮಾಡಿದ. ದತ್ತು ಕೂರಲಿಲ್ಲ. ನಮ್ಮೆಲ್ಲರ ಮುಂದೆ ಹಾದು, ಹೊಸ್ತಿಲು ದಾಟಿ, ಕರಿಹಲಗೆಯ ಕೆಳಗಿನ ಮೊದಲನೆಯ ಬೆಂಚಿನ ಮೇಲೆ ಕೂತ.

ಎಣ್ಣೆಯ ಬಾಣಲೆಯದೊಂದೇ ಸದ್ದು.

"ಏ ದತ್ತು," ಬಿಂದುಮಾಧವನ ಧ್ವನಿಯಲ್ಲಿ ನಗುವಿನ ಲೇಪ. "ನಿಮ್ಮ ಟೀಮು ಈಗ ಹೊರಗಲ್ಲೋ?"

"ಟೀಮು ಹೊರಗೈತಿ ಕಾಕಾ. ನಾ ಒಳಗದೀನಿ. ಚಹಾ ಕೊಡ್ರಿ. ಕಪ್ಪಿನಾಗ."

"ನಿನ್ನ ಗ್ಲಾಸು ಅಲ್ಲೇ ಗೂಡಿನ್ಯಾಗ..."

"ಅದನ್ನ ಆಗಲೇ ಒಡದು ಬಂದೀನಿ."

ಎರಡು ವರ್ಷ ಗೆರೆಯ ಮೇಲಿದ್ದಾಗಲೂ ಅವನಿಗೆ ಗಾಳಿ ಬೇಕಾಗಿದ್ದದ್ದು ಯಾಕೆಂದು ಕಟ್ಟೆಯ ಮೇಲಿದ್ದ ಪ್ರತಿಯೊಬ್ಬನಿಗೂ ಆ ಕ್ಷಣದಲ್ಲಿ ಗೊತ್ತಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಎದ್ದೆ. ಗ್ಲಾಸು ಕೆಳಗಿಟ್ಟೆ. ವೇಣುಗೋಪಾಲ ತೋಳು ಹಿಡಿದ: "ಬೇಡಿ ಸ್ವಾಮಿ. ರೂಲ್ ಅಂದ್ರೆ ರೂಲ್, ನಾವು ಸೋತಿದೀವಿ." ಬಿಡಿಸಿಕೊಂಡೆ. ಹೊಸ್ತಿಲ ಮೇಲೆ ಕಾಲಿಟ್ಟೆ. ಹೊಟ್ಟೆಯೊಳಗಿಂದ ಉಸಿರು ಎಳೆದೆ. ಯಾವ ಧ್ವನಿಗೆ ಸೊಲ್ಲಾಪುರದ ಥೇಟರಿನ ತಗಡು ನಡುಗುತ್ತಿತ್ತೋ, ಅದೇ ಧ್ವನಿ ತೆಗೆದೆ —

"ಬಿಂದುಮಾಧವಾ! ಎರಡು ಚಹಾ! ಎರಡೂ ಕಪ್ಪು-ಬಶಿಯೊಳಗೆ! ಶೆಡ್ ತಂಡದ ಗೋಲ್‌ಕೀಪರ್ ದಯಮಾಡಿಸಿದ್ದಾರೆ, ಕಾಣಿಸುವುದಿಲ್ಲವೇ ನಿನಗೆ?"

ಬಿಂದುಮಾಧವನ ಕೈ ಕಪ್ಪುಗಳ ಹಲಗೆಯ ಹತ್ತಿರ ಹೋಗಿ ನಿಂತಿತು. ಒಳಗಿದ್ದವರೆಲ್ಲ ಬರ್ಡಿಯವರು, ವೈರಿಗಳು. ಮೊದಲು ಅಲುಗಿದವನು ಶಂಕರಪ್ಪ. ತನ್ನ ಕಪ್ಪು ಎತ್ತಿಕೊಂಡು ಬೆಂಚಿನ ತುದಿಗೆ ಸರಿದ.

"ಬರ್ರಿ ಮಹಾರಾಜ್, ಜಾಗಾ ಐತಿ. ಏ ದತ್ತು, ಆ ದಪ್ಪನ ಹೊಡತ ಹ್ಯಾಂಗ ಹಿಡದ್ಯೋ ಮಾರಾಯಾ? ನಾ ಅಂತೂ ಗೋಲ್ ಅಂತ ಎದ್ದು ಕುಣದಬಿಟ್ಟಿದ್ದೆ."

ಚಹಾ ಬಂತು. ಕಪ್ಪಿನಲ್ಲಿ. ಬಿಂದುಮಾಧವ ಮೇಜಿನ ಮೇಲೆ ಕುಕ್ಕಿದ, ಅರ್ಧ ಬಶಿಗೆ ಚೆಲ್ಲಿತು. ದತ್ತು ಮೊದಲು ಬಶಿಯಲ್ಲಿ ಚೆಲ್ಲಿದ್ದನ್ನು ಕುಡಿದ, ನಿಧಾನವಾಗಿ. ಆಮೇಲೆ ಕಪ್ಪಿನದು. ಆಮೇಲೆ ಆ ಚೆಂಡನ್ನು ಹಿಡಿದದ್ದು ಹೇಗೆಂದು ಶಂಕರಪ್ಪನಿಗೆ ಎದ್ದು ನಿಂತು ತೋರಿಸಿದ.

ಪಾಂಡುರಂಗ ಒಳಗೆ ಬಂದ. ವೇಣುಗೋಪಾಲ ಬರಲಿಲ್ಲ.

ಕರಿಹಲಗೆಯ ಗೆರೆ ಹಾಗೇ ಇದೆ. ಇರಲಿ. ನಮ್ಮ ಹೆಸರು ಅದರ ಕೆಳಗೇ ಇರಲಿ, ಮುಂದಿನ ಮಳೆಗಾಲಕ್ಕೆ ನಾವೇ ಅಳಿಸುತ್ತೇವೆ.

4 ನವೆಂಬರ್, ಭಾನುವಾರ — ಬೆಳಿಗ್ಗೆ

ಆ ಮಂಗಳ ಬಾಕಿಯೇ ಇದೆ. ಜನ ಕೇಳುತ್ತಾರೆ, ಸೀಜನ್ ಮುಗಿಯಿತಲ್ಲ, ಯಾಕೆ ಹಾಡಲಿಲ್ಲ ಅಂತ. ಹಾಡುವುದಿಲ್ಲ! ಮಂಗಳ ಹಾಡಿದರೆ ಪರದೆ ಇಳಿಯುತ್ತದೆ. ಇದು ಅಂಕ ಬದಲಾಗಿದೆ ಅಷ್ಟೇ. ಸೆಕೆಂಡ್ ಡಿವಿಜನ್ನಾದರೇನು, ಅಲ್ಲಿಯೂ ಗೋಲಿಗೆ ಎರಡೇ ಕಂಬ, ಅಲ್ಲಿಯೂ ಹಿಂದೆ ನಿಲ್ಲುವುದಕ್ಕೆ ಜಾಗವಿದೆ, ನನ್ನ ಗಂಟಲಿಗೆ ಇನ್ನೂ —

ಬೀದಿಯಿಂದ ದತ್ತು ಕೂಗುತ್ತಿದ್ದಾನೆ. "ಮಾಮಾ! ಜಲ್ದಿ! ಪ್ರಾಕ್ಟೀಸಿಗೆ ಎಲ್ಲಾರೂ ಬಂದಾರ!" ಊರನ್ನೆಲ್ಲ ಕರೆಯುವವನನ್ನು ಇವನು ಕರೆಯುತ್ತಾನೆ, ನೋಡು. ಅನಸೂಯಾ ಬಾಗಿಲು ತೆಗೆದಳು. ಒಳಗೆ ಬಾ, ಚಕ್ಕುಲಿ ತಿನ್ನು ಅನ್ನುತ್ತಿದ್ದಾಳೆ. ಮೆಟ್ಟಿಲು... ಹೊಸ್ತಿಲು... ಬಂದ. ಬಂದೆನಪ್ಪಾ, ಬಂದೆ, ಈ ಸಾಲು ಒಂದು ಮುಗಿ—