ಮೊದಲ ಪುಟದ ಕೈಬರಹ

ಹೊಳೆನರಸೀಪುರ
೩ ಜುಲೈ ೨೦೦೭

ಪ್ರೀತಿಯ ಹಂಸ,

ನೀನು ಹೊಸದಾಗಿ ವಿನ್ಯಾಸ ಮಾಡಿದ ನಿನ್ನ ವೆಬ್‌ಸೈಟನ್ನು ಸೈಬರ್ ಸೆಂಟರಿನಲ್ಲಿ ನೋಡಿದೆ. ಚೆನ್ನಾಗಿದೆ. ಹಿಂದೆ ಕನ್ನಡ ಅಕ್ಷರಗಳು ಬರೀ ಚೌಕಗಳಾಗಿ ಕಾಣುತ್ತವೆಂದು ಮೊದಲ ಪುಟಕ್ಕೆ ನನ್ನ ಕವಿತೆಯನ್ನು ನನ್ನ ಕೈಬರಹದಲ್ಲೇ ಸ್ಕ್ಯಾನ್ ಮಾಡಿ ನೀನು ಹಾಕಿದ್ದೆ. ಈಗ ಅಕ್ಷರಗಳು ಸರಿಯಾಗಿ ಮೂಡುತ್ತಿವೆ. ಆ ಜಾಗದಲ್ಲಿ ಈಗಷ್ಟೇ ಬರೆಯತೊಡಗಿದ ಹುಡುಗಿ ಅನ್ವಿತಾಳ ಕವಿತೆಯಿದೆ. ಓದಿದೆ. ಕೊನೆಯ ಸಾಲು ಬೇಕಿರಲಿಲ್ಲ.

ಸೆಂಟರಿನ ನಂಜಪ್ಪ, “ನಿಮ್ದು ಎಲ್ಲೋಯ್ತು ಮೇಡಂ?” ಎಂದ. “ಒಳಗೆಲ್ಲೋ ಇದೆ ಕಣಪ್ಪ” ಎಂದೆ.

ನನ್ನ ಕೈಬರಹದ ಹಾಳೆ ನಿನ್ನಲ್ಲಿದ್ದರೆ ಅಂಚೆಯಲ್ಲಿ ಕಳಿಸು. ಪುಟದ ಕೆಳಗೆ ತೋರಿಸುವ ನೋಡುಗರ ಸಂಖ್ಯೆ ಏರಿದ್ದಕ್ಕೆ ಅನ್ವಿತಾಳನ್ನು ಅಭಿನಂದಿಸಬೇಡ. ದಿನವೂ ತೆರೆದು ನನ್ನ ಹೆಸರು ಹುಡುಕಿದವಳು ನಾನೇ.

ನಿನ್ನ
ಜಲಜಕ್ಕ