ಓನ್ನೊಗೆ ಹೇಳಿದ ಮಾತುಗಳು

ಲೇರ್, ಜರ್ಮನಿ,
೯ ಮಾರ್ಚ್

ನನ್ನ ಪ್ರೀತಿಯ ಐಪೆರಿ,

ಪ್ರೀತಿಯ ಎಂದು ಬರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು, ಆದರೂ ಬರೆದೆ. ನೀನು ನಮ್ಮ ಮನೆ ಬಿಟ್ಟು ಎಮ್ಡೆನ್‌ನ ಬೇರೆ ಮನೆಗೆ ಹೋಗಿ ಹನ್ನೊಂದು ದಿನವಾಯಿತು. ನಿನ್ನನ್ನು ಇಲ್ಲೇ ಉಳಿಸಿಕೊಳ್ಳುವುದೋ, ವರ್ಷ ಮುಗಿಯುವ ಮೊದಲೇ ಕಿರ್ಗಿಸ್ತಾನಕ್ಕೆ ಕಳಿಸಿಬಿಡುವುದೋ ಎಂದು ವಿದ್ಯಾರ್ಥಿ ವಿನಿಮಯ ಸಂಸ್ಥೆಯವರು ಶುಕ್ರವಾರ ತೀರ್ಮಾನಿಸುತ್ತಾರಂತೆ. "ಆರು ತಿಂಗಳಾದರೂ ಜರ್ಮನ್ ಮಾತಾಡುವುದಿಲ್ಲ, ಪ್ರಯತ್ನವನ್ನೂ ಮಾಡುವುದಿಲ್ಲ" ಎಂದು ಅವರಿಗೆ ಬರೆದುಕೊಟ್ಟವರು ನಿನ್ನ ಶಾಲೆಯವರು ಎಂದು ನೀನು ತಿಳಿದಿದ್ದೀಯ. ಶಾಲೆಯವರಲ್ಲ. ನಾನು.

ಓನ್ನೊ ಮಡಿಲಲ್ಲಿದ್ದಾನೆ. ಹಲ್ಲು ಬರುತ್ತಿದೆ, ನನ್ನ ಎಡಗೈ ಅಗಿಯುತ್ತಿದ್ದಾನೆ. ಅಕ್ಷರ ಸೊಟ್ಟಗಾಗಿದ್ದರೆ ತಪ್ಪು ಅವನದು. ಉಳಿದದ್ದೆಲ್ಲ ನನ್ನದು.

ಅತ್ತೆ ಚಹಾಕ್ಕೆ ಬಂದಿದ್ದ ಆ ಭಾನುವಾರ ನೆನಪಿದೆಯೇ? ನಮ್ಮಲ್ಲಿ ಸಾಕು ಎನ್ನಬೇಕಾದರೆ ಚಮಚವನ್ನು ಕಪ್ಪಿನೊಳಗೆ ಇಡಬೇಕು. ನಿನಗದನ್ನು ಯಾರೂ ಹೇಳಿರಲಿಲ್ಲ. ಅತ್ತೆ ಸುರಿಯುತ್ತಲೇ ಇದ್ದರು, ನೀನು ಕುಡಿಯುತ್ತಲೇ ಇದ್ದೆ. ಆರನೆಯ ಕಪ್ಪಿಗೆ, "ಅಜ್ಜಿ, ನನ್ನ ಹೊಟ್ಟೆ ಈಗ ಸಮುದ್ರ ಆದಳು" ಎಂದೆ. ಅತ್ತೆಗೆ ನಗು ತಡೆಯಲಾಗಲಿಲ್ಲ. ನಾನು ಮಾತ್ರ, "ಆದಳು ಅಲ್ಲ, ಆಯ್ತು. ಇನ್ನೊಂದ್ಸಲ ಹೇಳು" ಎಂದೆ. ನೀನು ಹೇಳಿದೆ, ಮತ್ತೆ ತಪ್ಪಿದೆ, ನಾನು ಮತ್ತೆ ತಿದ್ದಿದೆ. ಕೊನೆಗೆ ಅತ್ತೆಯೇ, "ಸಾಕು ಬಿಡೇ ಮಾರಾಯ್ತಿ! ಅವಳ ಹೊಟ್ಟೆ ತುಂಬಿದೆ ಅಂತ ನಂಗೆ ಮೊದಲನೇ ಸಲವೇ ಅರ್ಥ ಆಯ್ತು. ಚಹಾ ಟೇಬಲ್ ಮೇಲೂ ಪರೀಕ್ಷೆ ನಡೆಸ್ಬೇಕಾ ನಿಂಗೆ?" ಎಂದರು.

ತಪ್ಪು ಕೇಳಿಸಿಕೊಂಡು ಸುಮ್ಮನಿರುವುದು ನಮ್ಮಲ್ಲಿ ಅಸಡ್ಡೆ, ತಿದ್ದುವುದೇ ಅಕ್ಕರೆ. ಹಾಗೆಂದೇ ನಾನು ಬೆಳೆದದ್ದು. ಅಂದಿನಿಂದ ನೀನು ನಮ್ಮೆದುರು ಆಡಿದ್ದು ಮೂರೇ ಮಾತು: ಹೌದು, ಇಲ್ಲ, ಥ್ಯಾಂಕ್ಸ್.

ಆದರೆ ನೀನು ಮಾತಾಡುತ್ತಿದ್ದೆ, ಐಪೆರಿ. ಮಧ್ಯಾಹ್ನ ಶಾಲೆಯಿಂದ ಬಂದವಳು ಓನ್ನೊನನ್ನು ಎತ್ತಿಕೊಂಡು, ನೀವು ಮಲಗಿ ಎಂದು ನನಗೆ ಸನ್ನೆ ಮಾಡುತ್ತಿದ್ದೆ. ಮಗು ಅತ್ತರೆ ಕೇಳಿಸಲೆಂದು ಅವನ ತೊಟ್ಟಿಲ ಬಳಿ ಇಟ್ಟಿದ್ದ ಪುಟ್ಟ ರೇಡಿಯೋದಲ್ಲಿ ನಿನ್ನ ದನಿ ನನ್ನ ದಿಂಬಿನವರೆಗೂ ಬರುತ್ತಿತ್ತು. ನಿಮ್ಮ ಕುದುರೆ, ನಿಮ್ಮಣ್ಣನ ಮದುವೆ, ನಮ್ಮ ತಣ್ಣನೆಯ ರಾತ್ರಿಯೂಟ, ಎಲ್ಲವನ್ನೂ ಅವನಿಗೆ ಜರ್ಮನ್‌ನಲ್ಲೇ ಹೇಳುತ್ತಿದ್ದೆ. ಅವನು ತಿದ್ದುವುದಿಲ್ಲವಲ್ಲ! ನನಗೆ ನಿದ್ದೆ ಹತ್ತುತ್ತಿದ್ದದ್ದು ನಿನ್ನ ದನಿ ಕೇಳುತ್ತಿದ್ದಾಗ ಮಾತ್ರ.

ಫೆಬ್ರುವರಿಯ ಒಂದು ಗುರುವಾರ ನೀನು ಅವನಿಗೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಈ ಸಲ ತಿದ್ದುವುದಿಲ್ಲ.

"ತಮ್ಮಾ, ನಿಮ್ಮಮ್ಮ ಕೆಟ್ಟವನಲ್ಲ. ದಣಿದಿದ್ದಾನೆ. ಸ್ನಾನದ ಮನೇಲಿ ನಲ್ಲಿ ಬಿಟ್ಟು ಅಳ್ತಾನೆ. ನಿನ್ನ ಎತ್ಕೊಳ್ಳೋಕೆ ಭಯ ಪಡ್ತಾನೆ. ಭಾನುವಾರ ನಾನು ಹಾರ್ಮ್‌ಗೆ ಹೇಳ್ತೀನಿ. ಡಾಕ್ಟರ ಹತ್ರ ಕರ್ಕೊಂಡು ಹೋಗಿ ಅಂತೀನಿ. ಸರಿಯಾಗಿ ಹೇಳ್ಬೇಕಲ್ವಾ? ತಡಿ, ಇನ್ನೊಂದ್ಸಲ."

ಅದೇ ಮಾತನ್ನು ನೀನು ಮತ್ತೆ ಮತ್ತೆ ಹೇಳಿಕೊಂಡೆ. ನನ್ನ ಗಂಡನಿಗೆ ತಪ್ಪಿಲ್ಲದೆ ಹೇಳಲು ನನ್ನ ಮಗುವಿನ ಮುಂದೆ ಅಭ್ಯಾಸ ಮಾಡುತ್ತಿದ್ದೆ.

ನಾನು ಎದ್ದು ಬಂದು ನಿನ್ನನ್ನು ತಬ್ಬಿಕೊಳ್ಳಬೇಕಿತ್ತು. ಬದಲಿಗೆ, ಎರಡು ವಾರದಿಂದ ಮೇಜಿನ ಮೇಲಿದ್ದ ಸಂಸ್ಥೆಯ ವರದಿಯನ್ನು ಅಂದೇ ತುಂಬಿದೆ. ಫೋನ್ ಮಾಡಿ, ಇವಳನ್ನು ಶನಿವಾರದೊಳಗೆ ಬೇರೆ ಮನೆಗೆ ಕಳಿಸಿ ಎಂದೆ. ಮಗುವನ್ನು ಎತ್ತಿಕೊಳ್ಳಲು ಹೆದರುವ ತಾಯಿ ಎಂದು ಯಾರಿಗೂ ಗೊತ್ತಾಗಬಾರದಿತ್ತು. ಅದಕ್ಕಾಗಿ ನಿನ್ನನ್ನು ಮೂಗಿ ಮಾಡಿದೆ.

ಇವತ್ತು ಬೆಳಿಗ್ಗೆ ಸಂಸ್ಥೆಯ ಶ್ರೀಮತಿ ಬ್ರೂನ್ಸ್‌ಗೆ ಫೋನ್ ಮಾಡಿ, ನಾನು ಬರೆದದ್ದು ಸುಳ್ಳು ಎಂದೆ. ಅವರು ರೇಗಿದರು: "ಏನ್ರೀ ಇದು, ಹುಡುಗಿ ಮಾತಾಡ್ತಾಳೋ ಇಲ್ವೋ? ಒಂದು ಹೇಳಿ!" ಮಾತಾಡುತ್ತಾಳೆ, ನಾನೇ ಕೇಳಿದ್ದೇನೆ ಎಂದೆ. ಏನು ಮಾತಾಡಿದಳು ಎಂದು ಶುಕ್ರವಾರದ ಸಭೆಗೆ ಬಂದು ಹೇಳಬೇಕಂತೆ. ಹೋಗುತ್ತೇನೆ. ಹೇಳುತ್ತೇನೆ. ನನ್ನ ಬಗ್ಗೆ ನೀನು ಹೇಳಿದ್ದನ್ನೂ ಸೇರಿಸಿ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಒಳ್ಳೆಯವಳು, ಕೂಡಲೇ ಹೌದು ಎಂದುಬಿಡುತ್ತೀಯ. ನನ್ನ ಬಗ್ಗೆ ಚಿಂತೆ ಬೇಡ, ಈಗ ಎಲ್ಲ ಸರಿಹೋಗಿದೆ.

ನಿನ್ನ
ಇಮ್ಕೆ

ಮರೆತ ಮಾತು: ಸರಿಹೋಗಿಲ್ಲ. ಮಗುವಿನ ಅಳು ತಾಳಲಾರದೆ ನೀನೇ ಬೇರೆ ಮನೆ ಕೇಳಿದೆ ಎಂದು ಹಾರ್ಮ್‌ಗೆ ಹೇಳಿದ್ದೇನೆ. ನೀನು ಹೊರಟ ದಿನ ಅವನು ಕೆಳಗಿಳಿದು ಬಾರದೆ ಇದ್ದದ್ದು ಅದಕ್ಕೇ. ಎದುರು ನಿಂತು ಹೇಳಲು ಮೂರು ಸಲ ಹೋದೆ, ಬಾಯಿ ಬರಲಿಲ್ಲ. ಈಗ ಅವನು ಕೋಟು ಹಾಕಿಕೊಳ್ಳುತ್ತಿದ್ದಾನೆ. ಈ ಪತ್ರವನ್ನು ಅಂಚೆಗೆ ಹಾಕಲು ಅವನ ಕೈಗೇ ಕೊಡುತ್ತೇನೆ. ಲಕೋಟೆ ಅಂಟಿಸಿಲ್ಲ. ಓದಿಕೊಂಡೇ ಹಾಕು ಎನ್ನುತ್ತೇನೆ.